ಕ್ಯಾಥ್‌ಲ್ಯಾಬ್ ಪರದೆಯ ಚಿತ್ರ ಎಷ್ಟು ಸ್ಪಷ್ಟವಾಗಿದ್ದರೆ ಸಾಕು?

ಸೀಸದಂಗಿ
ಎಲ್ಲರಿಗೂ ನಮಸ್ಕಾರ. ಜಿಲ್ಲಾ ಕೇಂದ್ರವೊಂದರ ಖಾಸಗಿ ಆಸ್ಪತ್ರೆಯ ಕ್ಯಾಥ್‌ಲ್ಯಾಬ್‌ನಲ್ಲಿ, ಅಂದರೆ ಎಕ್ಸ್-ರೇ ನೋಡಿಕೊಂಡು ರಕ್ತನಾಳದೊಳಗೆ ನಳಿಕೆ ತೂರಿಸಿ ಹೃದಯಕ್ಕೆ ಚಿಕಿತ್ಸೆ ಕೊಡುವ ಕೋಣೆಯಲ್ಲಿ, ತಂತ್ರಜ್ಞನಾಗಿದ್ದೇನೆ. ಹಳೆಯ ಯಂತ್ರ ತೆಗೆದು ಹೊಸದನ್ನು ಹಾಕುವ ಮಾತು ನಡೆದಿದೆ. ಕಂಪನಿಗಳವರು ತಂದು ತೋರಿಸುವ ಚಿತ್ರಗಳು ಕಣ್ಣು ಕೋರೈಸುತ್ತವೆ. ಆ ಚಿತ್ರ ತೆಗೆಯಲು ರೋಗಿಗೆ ಎಷ್ಟು ವಿಕಿರಣ ಹೋಯಿತು ಎಂದು ಕೇಳಿದರೆ ಮಾತ್ರ ಮಾತು ಬೇರೆ ಕಡೆಗೆ ಹೊರಳುತ್ತದೆ.

ನಮ್ಮಲ್ಲಿ ಈಗ ಫ್ಲೋರೋಸ್ಕೋಪಿ (ಚಲಿಸುವ ನೇರ ಎಕ್ಸ್-ರೇ ಚಿತ್ರ) ಸೆಕೆಂಡಿಗೆ 15 ಚಿತ್ರದ ವೇಗದಲ್ಲಿ ನಡೆಯುತ್ತದೆ. 7.5ಕ್ಕೆ ಇಳಿಸೋಣ ಎಂದರೆ ಹಿರಿಯ ವೈದ್ಯರು ಒಪ್ಪುವುದಿಲ್ಲ, ಪರದೆ ತಡವರಿಸಿದಂತೆ ಕಾಣುತ್ತದೆ ಎನ್ನುತ್ತಾರೆ. ಹೊಸ ಯಂತ್ರ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಆಡಳಿತದವರ ನಂಬಿಕೆ. ಚಿತ್ರ ನಿಜವಾಗಿ ಉತ್ತಮವಾಗುವುದು ಯಂತ್ರದಿಂದಲೋ, ಅದನ್ನು ಬಳಸುವ ಕೈಯಿಂದಲೋ? ಅನುಭವ ಇರುವವರು ಹೇಳಿ.

ಸಂಶಯಾತ್ಮ
ಚಿತ್ರ ಮಸುಕಾಗಿ ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಜಾಲರಿ) ಎರಡು ಮಿಲಿಮೀಟರ್ ಆಚೆ ಕೂತರೆ ಅನುಭವಿಸುವವನು ರೋಗಿ. ಎದುರಿಗಿರುವ ಅಪಾಯವನ್ನು ಬಿಟ್ಟು ವಿಕಿರಣದಿಂದ ಇಪ್ಪತ್ತು ವರ್ಷದ ನಂತರ ಬರಬಹುದಾದ ಕ್ಯಾನ್ಸರಿನಂಥ ಅಪಾಯದ ಲೆಕ್ಕ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಒಳ್ಳೆಯ ಯಂತ್ರ ತನ್ನಿ, ವೈದ್ಯರು ಕೇಳಿದಷ್ಟು ಸ್ಪಷ್ಟತೆ ಕೊಡಿ.

ಮಿಲಿಸೀವರ್ಟ್
ವೈದ್ಯಕೀಯ ಭೌತವಿಜ್ಞಾನ ನನ್ನ ವೃತ್ತಿ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಎಕ್ಸ್-ರೇ ಚಿತ್ರ ಚುಕ್ಕೆಚುಕ್ಕೆಯಾಗಿ ಕಾಣುವುದಕ್ಕೆ ಮುಖ್ಯ ಕಾರಣ ಡಿಟೆಕ್ಟರ್ (ಕಿರಣ ಹಿಡಿದು ಚಿತ್ರವಾಗಿಸುವ ಫಲಕ) ತಲುಪುವ ಫೋಟಾನ್‌ಗಳ, ಅಂದರೆ ಎಕ್ಸ್-ರೇ ಕಣಗಳ ಕೊರತೆ. ಆ ಚುಕ್ಕೆಗಳನ್ನು ಅರ್ಧಕ್ಕಿಳಿಸಬೇಕಾದರೆ ವಿಕಿರಣವನ್ನು ಎರಡು ಪಟ್ಟು ಹೆಚ್ಚಿಸಿದರೆ ಸಾಲದು, ನಾಲ್ಕು ಪಟ್ಟು ಬೇಕು. ಕಣ್ಣಿಗೆ ಹಿತವಾಗುವ ಚಿತ್ರಕ್ಕೆ ಅಷ್ಟು ಬೆಲೆ ತೆರಬೇಕು. ಹಾಗಾಗಿ ಮೊದಲು ಕೇಳಬೇಕಾದದ್ದು, ಈ ಕ್ಷಣದಲ್ಲಿ ವೈದ್ಯರಿಗೆ ಏನು ಕಾಣಬೇಕು ಎಂಬುದು. ತೊಡೆಯಿಂದ ಅಥವಾ ಮಣಿಕಟ್ಟಿನಿಂದ ಕ್ಯಾತಿಟರ್ ಎಂಬ ತೆಳು ನಳಿಕೆ ಮೇಲಕ್ಕೆ ಹೋಗುತ್ತಿರುವಾಗ ಅದರ ತುದಿ ಎಲ್ಲಿದೆ ಎಂದು ಗೊತ್ತಾದರೆ ಸಾಕು. ಸ್ಟೆಂಟ್ ಅರಳಿಸುವ ಕ್ಷಣದಲ್ಲಿ ಅದರ ಅಂಚೂ ಕಾಣಬೇಕು. ಎರಡಕ್ಕೂ ಒಂದೇ ಪ್ರಮಾಣ ಯಾಕೆ?

ಸಂಶಯಾತ್ಮ ಅವರೇ, ಅಪಾಯ ಇಪ್ಪತ್ತು ವರ್ಷದ ನಂತರದ್ದು ಮಾತ್ರ ಅಲ್ಲ. ಒಂದೇ ಜಾಗದ ಚರ್ಮಕ್ಕೆ 2 ಗ್ರೇ (ಹೀರಿದ ವಿಕಿರಣದ ಅಳತೆ) ದಾಟಿದರೆ ಕೆಂಪಾಗಬಹುದು. ಯಂತ್ರದ ಪರದೆಯ ಲೆಕ್ಕ 5 ಗ್ರೇ ಮುಟ್ಟಿದರೆ ರೋಗಿಗೆ ತಿಳಿಸಿ, ಮುಂದಿನ ವಾರಗಳಲ್ಲಿ ಚರ್ಮವನ್ನು ಗಮನಿಸಬೇಕು ಎಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡಿರುವ ಕ್ರಮ. ಸಂಪೂರ್ಣ ಮುಚ್ಚಿಹೋದ ರಕ್ತನಾಳವನ್ನು ತೆರೆಯುವಂತಹ ದೀರ್ಘ ಚಿಕಿತ್ಸೆಯಲ್ಲಿ ಆ ಅಂಕಿ ಮುಟ್ಟುವುದು ಅಸಾಧ್ಯವೇನಲ್ಲ.

ಹೇಮಾವತಿ ದಂಡೆ
ಇದನ್ನು ಓದಿ ಎದೆ ಧಸಕ್ಕೆಂದಿತು. ನಮ್ಮ ಭಾವನವರಿಗೆ ಎರಡು ವರ್ಷದ ಹಿಂದೆ ಮೂರು ಗಂಟೆಗೂ ಮೀರಿದ ಆಂಜಿಯೋಪ್ಲಾಸ್ಟಿ ಆಯಿತು. ಕೆಲವು ವಾರಗಳ ನಂತರ ಬೆನ್ನಿನ ಬಲಭಾಗದಲ್ಲಿ ಚೌಕಾಕಾರದ ಕೆಂಪು ಕಲೆ ಎದ್ದಿತು. ಹುಳುಕಡ್ಡಿ ಎಂದು ಮುಲಾಮು ಹಚ್ಚಿದ್ದೇ ಹಚ್ಚಿದ್ದು. ಆಸ್ಪತ್ರೆಯಲ್ಲಿ ಒಬ್ಬರೂ ಇದರ ಬಗ್ಗೆ ಒಂದು ಮಾತು ಹೇಳಿರಲಿಲ್ಲ.

ಮಿಲಿಸೀವರ್ಟ್
ನೋಡದೆ ಇಂಥದ್ದೇ ಎಂದು ಹೇಳುವುದು ತಪ್ಪಾಗುತ್ತದೆ. ಆದರೆ ಬೆನ್ನು, ನೇರ ಅಂಚುಗಳ ಕಲೆ, ವಾರಗಳ ಅಂತರ, ಈ ಮೂರೂ ಸೇರಿದರೆ ವಿಕಿರಣದ ಗಾಯವನ್ನು ಮೊದಲು ಯೋಚಿಸಬೇಕು. ಎಕ್ಸ್-ರೇ ಟ್ಯೂಬ್ ಮೇಜಿನ ಕೆಳಗಿರುವುದರಿಂದ ಕಿರಣ ಒಳಹೊಕ್ಕುವುದು ಬೆನ್ನಿನಿಂದ. ಕಲೆ ಈಗಲೂ ಇದ್ದರೆ ಚರ್ಮವೈದ್ಯರಿಗೆ ಆಂಜಿಯೋಪ್ಲಾಸ್ಟಿಯ ವಿಷಯ ತಪ್ಪದೆ ಹೇಳಿ. ಚರ್ಮದ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿಗೆ ಆತುರಪಡುವುದು ಬೇಡ, ವಿಕಿರಣ ತಗುಲಿದ ಚರ್ಮ ಸುಲಭವಾಗಿ ಮಾಯುವುದಿಲ್ಲ. ಆ ದಿನದ ವಿಕಿರಣ ಪ್ರಮಾಣದ ವರದಿಯನ್ನು ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ಯಂತ್ರ ಅದನ್ನು ದಾಖಲಿಸಿರುತ್ತದೆ.

ಹೇಮಾವತಿ ದಂಡೆ
ನಾಳೆಯೇ ವರದಿ ಕೇಳುತ್ತೇವೆ. ತುಂಬಾ ಉಪಕಾರವಾಯಿತು.

ಪಿಕ್ಸೆಲ್‌ಪುರ
ಬೆಂಗಳೂರಿನಲ್ಲಿ ವೈದ್ಯಕೀಯ ಚಿತ್ರ ಸಂಸ್ಕರಣೆಯ ಎಂಜಿನಿಯರ್ ನಾನು. ಎಲ್ಲವೂ ಕೈಚಳಕ ಎನ್ನುವುದನ್ನು ಒಪ್ಪಲಾರೆ. ಎಕ್ಸ್-ರೇ ಹಿಡಿಯುತ್ತಿದ್ದ ಹಳೆಯ ಕೊಳವೆ, ಇಮೇಜ್ ಇಂಟೆನ್ಸಿಫೈಯರ್‌ನಲ್ಲಿ ಚಿತ್ರದ ಅಂಚು ಬಾಗುತ್ತಿತ್ತು, ಅಂಚಿನ ಕಡೆ ಮಂಕಾಗುತ್ತಿತ್ತು. ಫ್ಲ್ಯಾಟ್ ಪ್ಯಾನೆಲ್ ಡಿಟೆಕ್ಟರ್ ಬಂದ ಮೇಲೆ ಆ ತೊಂದರೆ ಇಲ್ಲ. ಶ್ವಾಸಕೋಶದಷ್ಟು ತೆಳುವಾದದ್ದನ್ನೂ ಬೆನ್ನುಮೂಳೆಯಷ್ಟು ದಟ್ಟವಾದದ್ದನ್ನೂ ಒಂದೇ ಚಿತ್ರದಲ್ಲಿ ಹಿಡಿಯಬಹುದು.

ಸ್ಟೆಂಟ್ ಸ್ಪಷ್ಟವಾಗಿ ಕಾಣಿಸುವ ತಂತ್ರವನ್ನೇ ನೋಡಿ. ಸ್ಟೆಂಟ್‌ನ ಲೋಹದ ಜಾಲ ಬಹಳ ತೆಳು, ಮಿಡಿಯುವ ಹೃದಯದ ಮೇಲೆ ಅದು ಕಾಣುವುದೇ ಕಷ್ಟ. ಆದರೆ ಸ್ಟೆಂಟನ್ನು ಅರಳಿಸುವ ಬಲೂನಿನ ಎರಡು ತುದಿಗಳಲ್ಲಿರುವ ಲೋಹದ ಗುರುತುಗಳು ಎದ್ದು ಕಾಣುತ್ತವೆ. ಗಣಕ ಪ್ರತಿ ಚಿತ್ರದಲ್ಲೂ ಆ ಎರಡು ಚುಕ್ಕೆಗಳನ್ನು ಹುಡುಕಿ, ಅವು ಒಂದರ ಮೇಲೊಂದು ಬರುವಂತೆ ಚಿತ್ರಗಳನ್ನು ಸರಿಸಿ ತಿರುಗಿಸಿ ಸರಾಸರಿ ತೆಗೆಯುತ್ತದೆ. 16 ಚಿತ್ರ ಸೇರಿದರೆ ಚುಕ್ಕೆಗದ್ದಲ ಕಾಲು ಭಾಗಕ್ಕೆ ಇಳಿಯುತ್ತದೆ. ಪಕ್ಕೆಲುಬು, ಬೆನ್ನುಮೂಳೆ ಎಲ್ಲ ಮಸುಕಾಗಿ ಸ್ಟೆಂಟ್ ಮಾತ್ರ ಉಳಿಯುತ್ತದೆ. ಎಲ್ಲಿ ಪೂರ್ತಿ ಅರಳಿಲ್ಲ ಎಂದು ಆಗ ಗೊತ್ತಾಗುತ್ತದೆ. ಯಾವ ಕೈಚಳಕದಿಂದಲೂ ಇದು ಸಾಧ್ಯವಿಲ್ಲ.

ಸೀಸದಂಗಿ
ಪಿಕ್ಸೆಲ್‌ಪುರ ಅವರೇ, ಇದು ನನಗೂ ಬೇಕು. ಆದರೆ ನನ್ನ ಕಣ್ಣಿಗೆ ದಿನವೂ ಬೀಳುವುದು ಬೇರೆಯದೇ ಸಂಗತಿಗಳು. ಕಾಲಿಮೇಟರ್ (ಕಿರಣದ ಅಗಲ ಕಿರಿದಾಗಿಸುವ ತಡೆ) ಮುಚ್ಚಿ ಬೇಕಾದ ಜಾಗವನ್ನಷ್ಟೇ ನೋಡಿದರೆ ಚದುರಿದ ಕಿರಣ ಕಡಿಮೆಯಾಗಿ ಚಿತ್ರವೂ ಸುಧಾರಿಸುತ್ತದೆ, ರೋಗಿಗೂ ಒಳ್ಳೆಯದು. ಅದನ್ನು ಯಾರೂ ಮುಚ್ಚುವುದಿಲ್ಲ. ಡಿಟೆಕ್ಟರನ್ನು ರೋಗಿಯ ಎದೆಗೆ ಹತ್ತಿರ ಇಳಿಸುವುದಿಲ್ಲ. ಪರದೆಯತ್ತ ನೋಡದೆ ಪಕ್ಕದವರೊಡನೆ ಮಾತನಾಡುತ್ತಿರುವಾಗಲೂ ಕಾಲು ಕಿರಣ ಹರಿಸುವ ಪೆಡಲ್ ಮೇಲೆಯೇ ಇರುತ್ತದೆ! ಕೊನೆಯ ಚಿತ್ರ ಪರದೆಯಲ್ಲಿ ನಿಂತೇ ಇರುತ್ತದೆ, ಅದನ್ನು ನೋಡಿಕೊಂಡೇ ಯೋಚಿಸಬಹುದು. ಕೋಟಿಗಟ್ಟಲೆ ಕೊಟ್ಟು ತರುವ ಯಂತ್ರದ ಕೆಳಗೂ ಇದೇ ಪೆಡಲ್ ಇರುತ್ತದೆ.

ಮಿಲಿಸೀವರ್ಟ್
ಇನ್ನೊಂದನ್ನು ಸೇರಿಸಿ. ದಾಖಲಿಸುವ ಸಿನಿ ಚಿತ್ರಗಳಲ್ಲಿ ಒಂದೊಂದಕ್ಕೂ ಫ್ಲೋರೋಸ್ಕೋಪಿಯ ಚಿತ್ರಕ್ಕಿಂತ ಸುಮಾರು 10 ಪಟ್ಟು ವಿಕಿರಣ ಬೇಕು. ಬಲೂನ್ ಉಬ್ಬಿಸಿದ್ದಕ್ಕೆ ಸಾಕ್ಷಿ ಬೇಕೆಂದು ಸಿನಿ ಓಡಿಸುವ ಬದಲು ಫ್ಲೋರೋಸ್ಕೋಪಿಯನ್ನೇ ಉಳಿಸಿಡುವ ಗುಂಡಿ ಬಹುತೇಕ ಯಂತ್ರಗಳಲ್ಲಿದೆ.

ಹಾಗೆಯೇ 15ರಿಂದ 7.5ಕ್ಕೆ ಇಳಿಸಿದರೆ ವಿಕಿರಣ ಅರ್ಧವಾಗಿಯೇ ಬಿಡುತ್ತದೆ ಎಂದು ತಿಳಿಯಬೇಡಿ. ಕೆಲವು ಯಂತ್ರಗಳು ಚಿತ್ರದ ಸಂಖ್ಯೆ ಕಡಿಮೆಯಾದಾಗ ಒಂದೊಂದು ಚಿತ್ರದ ಪ್ರಮಾಣವನ್ನು ತಾವೇ ಏರಿಸುತ್ತವೆ. ನಿಮ್ಮ ಯಂತ್ರದಲ್ಲಿ ಅದು ಹೇಗೆ ಹೊಂದಿಸಿದೆ ಎಂದು ಅಳೆದು ನೋಡಬೇಕು. ಕಂಪನಿಯವರ ಕೈಪಿಡಿಯಲ್ಲಿರುವ ಮಾತನ್ನು ಹಾಗೆಯೇ ನಂಬಬೇಡಿ.

ಸಂಶಯಾತ್ಮ
7.5ರಲ್ಲಿ ಮಕ್ಕಳ ಹೃದಯ ನೋಡಲು ಆಗುತ್ತದೆಯೇ? ನಿಮಿಷಕ್ಕೆ 140 ಬಾರಿ ಮಿಡಿಯುವ ಕೂಸಿನ ಹೃದಯ ಅದು. ಎಲ್ಲರಿಗೂ ಒಂದೇ ಅಳತೆ ಹೊಲಿಯಬೇಡಿ.

ಮಿಲಿಸೀವರ್ಟ್
ಒಪ್ಪಿದೆ. ಮಕ್ಕಳಿಗೆ ಹೆಚ್ಚಿನ ವೇಗ ಬೇಕಾಗುತ್ತದೆ. ಆದರೆ ಚಿಕ್ಕ ಕೂಸಿನ ದೇಹ ತೆಳುವಾದ್ದರಿಂದ ಡಿಟೆಕ್ಟರ್ ಮುಂದಿನ ಗ್ರಿಡ್ (ಚದುರಿದ ಕಿರಣ ತಡೆಯುವ ಜಾಲರಿ) ತೆಗೆದಿಟ್ಟು ಪ್ರಮಾಣ ಇಳಿಸಬಹುದು. ಎಷ್ಟು ಕಡೆ ಹಾಗೆ ತೆಗೆಯುತ್ತಾರೆ ಹೇಳಿ?

ಮೂಳೆಮಾತು
ತಾಲ್ಲೂಕು ಕೇಂದ್ರದಲ್ಲಿ ಮೂಳೆ ಶಸ್ತ್ರಚಿಕಿತ್ಸಕನಾಗಿದ್ದೇನೆ. ನೀವೆಲ್ಲ ಕ್ಯಾಥ್‌ಲ್ಯಾಬ್ ಮಾತಾಡುತ್ತಿದ್ದೀರಿ, ನಮ್ಮ ಲೋಕ ಗಾಲಿ ಮೇಲಿನ ಸಿ-ಆರ್ಮ್ ಎಂಬ C ಆಕಾರದ ಎಕ್ಸ್-ರೇ ಯಂತ್ರ. ಬೈಕ್ ಅಪಘಾತದಲ್ಲಿ ತೊಡೆಮೂಳೆ ಮುರಿದು ಬಂದವರಿಗೆ ಮೂಳೆಯೊಳಗೆ ಸರಳು ಕೂರಿಸುತ್ತೇವೆ. ಮೇಲಿನ ತಿರುಪುಗಳಿಗೆ ಅಳತೆಯ ಚೌಕಟ್ಟು ಸಾಕು. ಮೊಣಕಾಲಿನ ಹತ್ತಿರದ ತಿರುಪುಗಳಿಗೆ ಅದು ಕೈಕೊಡುತ್ತದೆ, ಏಕೆಂದರೆ ಸರಳು ಮೂಳೆಯ ಬಾಗಿಗೆ ತಕ್ಕಂತೆ ತಾನೂ ಬಾಗಿರುತ್ತದೆ. ಆಗ ಸಿ-ಆರ್ಮನ್ನು ಸರಳಿನ ರಂಧ್ರ ಪೂರ್ಣ ವೃತ್ತವಾಗಿ ಕಾಣುವ ತನಕ ಹೊಂದಿಸಿ, ಆ ವೃತ್ತದ ನಡುವೆ ಡ್ರಿಲ್ ತುದಿ ಇಡಬೇಕು. ಅಂಡಾಕಾರವಾಗಿ ಕಂಡರೆ ಕೋನ ತಪ್ಪಿದೆ ಎಂದರ್ಥ. ಇದೊಂದಕ್ಕೇ ಎಷ್ಟೋ ಬಾರಿ ಪೆಡಲ್ ಒತ್ತಬೇಕಾಗುತ್ತದೆ, ಅದೂ ಕೈ ಕಿರಣದ ಹತ್ತಿರವೇ ಇರುವಾಗ.

ನನಗೆ ಮೂರು ಆಯಾಮದ ಚಿತ್ರ ಬೇಡ. ನುರಿತ ತಂತ್ರಜ್ಞ ಒಬ್ಬ ಬೇಕು. 'ಸ್ವಲ್ಪ ತಲೆಯ ಕಡೆಗೆ, ಐದು ಡಿಗ್ರಿ ಹೊರಕ್ಕೆ' ಎಂದರೆ ಒಮ್ಮೆಗೇ ಸರಿಯಾಗಿ ಹೊಂದಿಸುವವನಿದ್ದರೆ ವಿಕಿರಣ ತಾನಾಗಿಯೇ ಇಳಿಯುತ್ತದೆ. ನಮ್ಮ ಕಡೆ ಆ ಕೆಲಸಕ್ಕೆ ವಾರ್ಡಿನ ಸಹಾಯಕನನ್ನೇ ನಿಲ್ಲಿಸುತ್ತಾರೆ. ಅವನಿಗೆ ಕುತ್ತಿಗೆ ಕಾಯುವ ಸೀಸದ ಥೈರಾಯ್ಡ್ ಪಟ್ಟಿಯೂ ಇಲ್ಲ.

ಸೀಸದಂಗಿ
ಕೊನೆಯ ಎರಡು ಸಾಲು ಓದಿ ಸಿಟ್ಟು ಬಂತು. ಸಹಾಯಕನ ಜೀವಕ್ಕೂ ಬೆಲೆ ಇದೆ. ತರಬೇತಿ ಇಲ್ಲದವರನ್ನು ವಿಕಿರಣದ ಕೋಣೆಯಲ್ಲಿ ಪಟ್ಟಿಯಿಲ್ಲದೆ ನಿಲ್ಲಿಸುವುದು ಯಾವ ನ್ಯಾಯ?

ಮೂಳೆಮಾತು
ನಾನೂ ಅದನ್ನೇ ಆಡಳಿತದವರಿಗೆ ಹೇಳುತ್ತಿರುವುದು. ಈಗ ನನ್ನ ಖರ್ಚಿನಲ್ಲಿ ಎರಡು ಪಟ್ಟಿ ತರಿಸಿದ್ದೇನೆ.

ಪೋರ್ಟ್‌ಲ್ಯಾಂಡ್ ಕನ್ನಡತಿ
ಒರೆಗಾನ್‌ನ ಪೋರ್ಟ್‌ಲ್ಯಾಂಡಿನಲ್ಲಿ ರೇಡಿಯಾಲಜಿ ನರ್ಸ್ ನಾನು. ನಾನಿರುವ ಊರಿನ ಒಂದು ಕಥೆ ಇಲ್ಲಿಗೆ ಹೊಂದುತ್ತದೆ. 1964ರ ಜನವರಿ 16ರಂದು ಇಲ್ಲಿಯೇ ಚಾರ್ಲ್ಸ್ ಡಾಟರ್ ಎಂಬ ರೇಡಿಯಾಲಜಿಸ್ಟ್ 82 ವರ್ಷದ ಅಜ್ಜಿಯೊಬ್ಬರ ಕಾಲಿನ ಕಟ್ಟಿಕೊಂಡ ರಕ್ತನಾಳವನ್ನು ಎಕ್ಸ್-ರೇ ನೋಡಿಕೊಂಡೇ ಕ್ಯಾತಿಟರ್‌ನಿಂದ ಹಿಗ್ಗಿಸಿದರು. ಕಾಲು ಕತ್ತರಿಸಬೇಕು ಎಂದಿದ್ದಕ್ಕೆ ಆ ಅಜ್ಜಿ ಒಪ್ಪಿರಲಿಲ್ಲ. ಕಾಲು ಉಳಿಯಿತು. ಅಂದಿನ ಚಿತ್ರದ ಗುಣಮಟ್ಟ ಇಂದಿನ ಹತ್ತಿರಕ್ಕೂ ಬರುವುದಿಲ್ಲ. ಹೃದಯದ ರಕ್ತನಾಳಕ್ಕೆ ಬಲೂನ್ ಹಾಕಿದ್ದು ಅದಾದ 13 ವರ್ಷಕ್ಕೆ, 1977ರಲ್ಲಿ, ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್.

ಸಂಶಯಾತ್ಮ
ಅದಕ್ಕೂ ಮೊದಲು ಜರ್ಮನಿಯ ವೈದ್ಯರೊಬ್ಬರು ತಮ್ಮ ತೋಳಿನಿಂದಲೇ ಹೃದಯಕ್ಕೆ ನಳಿಕೆ ತೂರಿಸಿಕೊಂಡು ಮರುವರ್ಷವೇ ನೊಬೆಲ್ ಪಡೆದರಲ್ಲ?

ಪೋರ್ಟ್‌ಲ್ಯಾಂಡ್ ಕನ್ನಡತಿ
ವರ್ನರ್ ಫೋರ್ಸ್‌ಮನ್. ಪ್ರಯೋಗ ನಡೆದದ್ದು 1929ರಲ್ಲಿ, ನೊಬೆಲ್ ಬಂದದ್ದು 1956ರಲ್ಲಿ. ನಡುವಿನ 27 ವರ್ಷದಲ್ಲಿ ಹೊಗಳಿಕೆಗಿಂತ ಬೈಗುಳ ತಿಂದದ್ದೇ ಹೆಚ್ಚು. ನಳಿಕೆ ತೋಳಿನಲ್ಲಿರುವಾಗಲೇ ಎಕ್ಸ್-ರೇ ಕೋಣೆಗೆ ನಡೆದುಹೋಗಿ ಅದು ಹೃದಯ ತಲುಪಿದ್ದನ್ನು ಚಿತ್ರದಲ್ಲಿ ತೋರಿಸಿದರು.

ಪಿಕ್ಸೆಲ್‌ಪುರ
ಮಾತು ಇತಿಹಾಸಕ್ಕೆ ಹೊರಳಿತು, ವಾಪಸ್ ಬರುತ್ತೇನೆ. ಈಗ ಕೃತಕ ಬುದ್ಧಿಮತ್ತೆಯಿಂದ ಚುಕ್ಕೆ ತೆಗೆಯುವ ವಿಧಾನಗಳು ಬಂದಿವೆ. ಕಡಿಮೆ ವಿಕಿರಣದ ಚಿತ್ರವನ್ನೇ ಶುದ್ಧಗೊಳಿಸಿ ತೋರಿಸುತ್ತವೆ. ಸೀಸದಂಗಿ ಅವರ ಜಗಳ ಇದರಿಂದ ಬಗೆಹರಿಯಬಹುದು.

ಮಿಲಿಸೀವರ್ಟ್
ಅಷ್ಟು ಬೇಗ ಬೇಡ. ಹೃದಯದ ರಕ್ತನಾಳದೊಳಗೆ ಬಲೂನಿಗೆ ದಾರಿ ತೋರುವ ಗೈಡ್‌ವೈರಿನ ದಪ್ಪ 0.36 ಮಿಲಿಮೀಟರ್. ಚುಕ್ಕೆಯ ಜೊತೆಗೆ ಅದರ ತುದಿಯನ್ನೂ ಅಳಿಸಿಹಾಕುವ ತಂತ್ರಾಂಶ ನಮಗೆ ಬೇಡ. ಹಿಂದಿನ ಚಿತ್ರಗಳೊಡನೆ ಸರಾಸರಿ ಮಾಡುವ ವಿಧಾನದಲ್ಲಿ ಚಲಿಸುವ ರಕ್ತನಾಳದ ಹಿಂದೆ ನೆರಳು ಎಳೆದುಕೊಂಡು ಬರುತ್ತದೆ. ವಿಳಂಬದ ಪ್ರಶ್ನೆ ಬೇರೆ ಇದೆ. ಸಿಟಿ ಸ್ಕ್ಯಾನ್ ಚಿತ್ರವನ್ನು ಗಣಕ ಒಂದು ನಿಮಿಷ ತಿದ್ದುತ್ತ ಕೂತರೂ ಪರವಾಗಿಲ್ಲ. ಫ್ಲೋರೋಸ್ಕೋಪಿಯಲ್ಲಿ ಕೈ ಆಡುತ್ತಿರುವಾಗಲೇ ಚಿತ್ರ ಬರಬೇಕು. ಕಣ್ಣಿಗೂ ಕೈಗೂ ನಡುವೆ ಅಂತರ ಬಿದ್ದರೆ ವೈರು ರಕ್ತನಾಳದ ಗೋಡೆಯನ್ನು ಚುಚ್ಚಬಹುದು.

ಪಿಕ್ಸೆಲ್‌ಪುರ
ಅದಕ್ಕಾಗಿಯೇ ವೈರ್, ಗುರುತುಗಳು ಇರುವ ನಿಜವಾದ ಚಿತ್ರಗಳ ಮೇಲೆ ಪರೀಕ್ಷೆ ನಡೆಯುವುದು. ನಿಮ್ಮ ಆತಂಕ ನ್ಯಾಯವೇ. ಆದರೆ ಆತಂಕವಿದೆ ಎಂದು ಕೈಕಟ್ಟಿ ಕೂರಬೇಕೇ? ಫಲಿತಾಂಶವನ್ನು ಫೋಟಾನ್ ಲೆಕ್ಕದಲ್ಲಿ ಅಳೆಯದೆ, ವೈರಿನ ತುದಿ ಎಷ್ಟು ಬಾರಿ ಸರಿಯಾಗಿ ಗುರುತಿಗೆ ಸಿಕ್ಕಿತು ಎಂದು ಅಳೆಯೋಣ.

ಮಿಲಿಸೀವರ್ಟ್
ಹಾಗೆ ಅಳೆಯುವುದಾದರೆ ನಾನೂ ನಿಮ್ಮ ಪಕ್ಷ.

ಕೃಷ್ಣಾತೀರ
ಬಾಗಲಕೋಟೆ ಕಡೆಯ ಸಿಟಿ ತಂತ್ರಜ್ಞ. ಇಲ್ಲಿಯ ತನಕ ಸಿಟಿಯ ಮಾತೇ ಬರಲಿಲ್ಲವಲ್ಲ! ಶ್ವಾಸಕೋಶದ ಗಂಟಿಗೆ ಸಿಟಿ ನೋಡಿಕೊಂಡು ಸೂಜಿ ಹಾಕುವ ಬಯಾಪ್ಸಿ ನಮ್ಮಲ್ಲಿ ನಡೆಯುತ್ತದೆ. ಇದರಲ್ಲಿ ಒಂದು ಅನುಕೂಲ ಇದೆ. ಸಿಟಿಯಲ್ಲಿ ದಟ್ಟತೆ ಹೇಳುವ ಹೌನ್ಸ್‌ಫೀಲ್ಡ್ ಅಳತೆಯಲ್ಲಿ ಗಾಳಿ −1000, ನೀರು 0. ಗಾಳಿ ತುಂಬಿದ ಶ್ವಾಸಕೋಶ −800ರ ಆಸುಪಾಸು, ಗಂಟು ಸೊನ್ನೆಗಿಂತ ಸ್ವಲ್ಪ ಮೇಲೆ. ಅಂತರ ಇಷ್ಟು ದೊಡ್ಡದಿರುವಾಗ ಪ್ರಮಾಣವನ್ನು ಚೆನ್ನಾಗಿ ಇಳಿಸಿದರೂ ಗಂಟೂ ಕಾಣುತ್ತದೆ, ಸೂಜಿಯೂ ಕಾಣುತ್ತದೆ. ರೋಗ ಪತ್ತೆಯ ಸ್ಕ್ಯಾನ್ ಮೊದಲೇ ಆಗಿರುತ್ತದೆ. ಸೂಜಿಗೆ ದಾರಿ ತೋರಿಸಲು ಮತ್ತೆ ಪೂರ್ಣ ಪ್ರಮಾಣದ ಸ್ಕ್ಯಾನ್ ಯಾಕೆ? ಎದೆಪೂರ್ತಿ ಯಾಕೆ? ನಾಲ್ಕು ಬೆರಳಗಲ ಸಾಕು.

ಯಕೃತ್ತಿನಲ್ಲಿ ಇದು ನಡೆಯುವುದಿಲ್ಲ. ಗಡ್ಡೆಗೂ ಸುತ್ತಲಿನ ಭಾಗಕ್ಕೂ ಹತ್ತಿಪ್ಪತ್ತರಷ್ಟೇ ವ್ಯತ್ಯಾಸವಿದ್ದರೆ ಪ್ರಮಾಣ ಇಳಿಸಿದ ತಕ್ಷಣ ಗಡ್ಡೆ ಚುಕ್ಕೆಗಳಲ್ಲಿ ಮುಳುಗಿಹೋಗುತ್ತದೆ. ಅಲ್ಲಿ ಎಕ್ಸ್-ರೇಯಲ್ಲಿ ಎದ್ದು ಕಾಣುವ ಡೈ ಕೊಡಬೇಕು, ಇಲ್ಲವೇ ಅಲ್ಟ್ರಾಸೌಂಡ್ ನೆರವು ಬೇಕು.

ಆದರೆ ನಿಜವಾದ ಶತ್ರು ಉಸಿರಾಟ. ಶ್ವಾಸಕೋಶದ ಕೆಳಭಾಗದ ಗಂಟು ಉಸಿರಿನ ಜೊತೆ ಒಂದೆರಡು ಸೆಂಟಿಮೀಟರ್ ಓಡಾಡುತ್ತದೆ. ಸ್ಕ್ಯಾನ್ ವೇಳೆ ಆಳವಾಗಿ ಎಳೆದುಕೊಂಡು, ಸೂಜಿ ಹಾಕುವಾಗ ಅರ್ಧ ಎಳೆದುಕೊಂಡರೆ ಗಂಟು ಇದ್ದ ಜಾಗದಲ್ಲಿ ಇರುವುದಿಲ್ಲ. ಮತ್ತೆ ಚುಚ್ಚಬೇಕು, ಶ್ವಾಸಕೋಶದ ಸುತ್ತ ಗಾಳಿ ಸೋರುವ ಅಪಾಯ ಹೆಚ್ಚುತ್ತದೆ. ನಮ್ಮ ಯಂತ್ರದಲ್ಲಿ ಸೂಚನೆಯ ಧ್ವನಿ ಇಂಗ್ಲಿಷಿನಲ್ಲಿ ಬರುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಆ ಸುರಂಗದೊಳಗೆ ಮಲಗಿದ ಹಳ್ಳಿಯ ಹಿರಿಯರಿಗೆ ಅದು ಏನು ತಿಳಿಯಬೇಕು? ಈಗ ಕನ್ನಡದಲ್ಲಿ ಧ್ವನಿಮುದ್ರಿಸಿ ಹಾಕಿದ್ದೇವೆ, ಮೇಜಿಗೆ ಮಲಗಿಸುವ ಮೊದಲೇ ಕುರ್ಚಿಯಲ್ಲಿ ಕೂರಿಸಿ ಅಭ್ಯಾಸ ಮಾಡಿಸುತ್ತೇವೆ. ಮರುಸ್ಕ್ಯಾನ್ ಎದ್ದುಕಾಣುವಷ್ಟು ಕಡಿಮೆಯಾಗಿದೆ.

ಸೀಸದಂಗಿ
ಕೃಷ್ಣಾತೀರ ಅವರೇ, ಈ ಹರಟೆಯಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ನಿಮ್ಮ ಮಾತು. ಒಂದು ಪೈಸೆ ಖರ್ಚಿಲ್ಲ.

ಪೋರ್ಟ್‌ಲ್ಯಾಂಡ್ ಕನ್ನಡತಿ
ನಮ್ಮಲ್ಲಿ ಸಿ-ಆರ್ಮನ್ನೇ ರೋಗಿಯ ಸುತ್ತ 200 ಡಿಗ್ರಿಯಷ್ಟು ತಿರುಗಿಸಿ ಸಿಟಿಯಂಥ ಚಿತ್ರ ಕಟ್ಟುವ ಕೋನ್-ಬೀಮ್ ವಿಧಾನ ಬಳಸುತ್ತಾರೆ. ಯಕೃತ್ತಿನ ಗಡ್ಡೆಗೆ ಔಷಧಿ ಹರಿಸುವಾಗ ಯಾವ ಕವಲು ಯಾವ ಗಡ್ಡೆಗೆ ಹೋಗುತ್ತದೆ ಎಂದು ಮೇಜಿನ ಮೇಲೆಯೇ ತಿಳಿಯುತ್ತದೆ. ಅಲ್ಲಿಯೂ ಉಸಿರು ಹಿಡಿಯದಿದ್ದರೆ ಇಡೀ ಚಿತ್ರ ಹಾಳು, ಏಕೆಂದರೆ ಒಂದು ಸುತ್ತಿಗೆ ಹಲವು ಸೆಕೆಂಡು ಬೇಕು. ಮೃದು ಭಾಗಗಳು ನಿಜವಾದ ಸಿಟಿಯಷ್ಟು ಚೆನ್ನಾಗಿ ಬೇರ್ಪಡುವುದೂ ಇಲ್ಲ.

ಮೊದಲೇ ತೆಗೆದ ಸಿಟಿಯನ್ನು ಫ್ಲೋರೋಸ್ಕೋಪಿಯ ಮೇಲೆ ಹೊದಿಸಿ ತೋರಿಸುವ ವಿಧಾನವೂ ಇದೆ. ಮಹಾಪಧಮನಿಯ ಉಬ್ಬಿಗೆ ಸ್ಟೆಂಟ್ ಹಾಕುವಾಗ ಬಹಳ ನೆರವಾಗುತ್ತದೆ, ಡೈ ಕಡಿಮೆ ಸಾಕು. ಆದರೆ ಗಟ್ಟಿ ವೈರ್ ಒಳಹೋದ ಕೂಡಲೇ ಅಂಕುಡೊಂಕಾದ ರಕ್ತನಾಳ ನೇರವಾಗುತ್ತದೆ, ಹೊದಿಸಿದ ಚಿತ್ರ ಮಾತ್ರ ಹಳೆಯ ಡೊಂಕನ್ನೇ ತೋರಿಸುತ್ತಿರುತ್ತದೆ. ಮೂತ್ರಪಿಂಡದ ನಾಳದ ಬಾಯಿ ಎಲ್ಲಿದೆ ಎಂದು ಆ ಚಿತ್ರವನ್ನು ಮಾತ್ರ ನಂಬಿ ಹೋದರೆ ಅನಾಹುತ. ನಮ್ಮ ವೈದ್ಯರು ಸ್ಟೆಂಟ್ ಬಿಡುವ ಮೊದಲು ಸ್ವಲ್ಪ ಡೈ ಹಾಕಿ ಖಚಿತಪಡಿಸಿಕೊಳ್ಳದೆ ಇರುವುದೇ ಇಲ್ಲ.

ಹೇಮಾವತಿ ದಂಡೆ
ಪಾಮರಳ ಪ್ರಶ್ನೆ. ಡೈ ಮೂತ್ರಪಿಂಡಕ್ಕೆ ಕೆಟ್ಟದ್ದು ಎನ್ನುತ್ತಾರೆ. ಬೇರೆ ದಾರಿಯೇ ಇಲ್ಲವೇ?

ಪೋರ್ಟ್‌ಲ್ಯಾಂಡ್ ಕನ್ನಡತಿ
ಕಾಲಿನ ರಕ್ತನಾಳಗಳಿಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನೇ ಬಳಸಬಹುದು. ಮೂತ್ರಪಿಂಡಕ್ಕೆ ಹೊರೆಯಿಲ್ಲ. ಆದರೆ ಹೃದಯ ಮತ್ತು ಮಿದುಳಿನ ಅಪಧಮನಿಗಳಿಗೆ ಖಂಡಿತ ಕೂಡದು. ಭಾವನವರಿಗೆ ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ, ಡೈ ಪ್ರಮಾಣ ಮಿತಿಯಲ್ಲಿಡುತ್ತಾರೆ.

ಮೂಳೆಮಾತು
ಕೋನ್-ಬೀಮ್, ಚಿತ್ರ ಹೊದಿಸುವುದು ಎಲ್ಲ ಚೆನ್ನ. ಮೊದಲೆಲ್ಲ ನಮ್ಮ ಊರಿನಿಂದ ಎದೆನೋವಿನವರನ್ನು ಬೆಂಗಳೂರಿಗೇ ಕಳಿಸಬೇಕಿತ್ತು. ಈಗ ಜಯದೇವ ಸಂಸ್ಥೆ ಮೈಸೂರು, ಕಲಬುರಗಿಗಳಲ್ಲೂ ಇದೆ, ಖಾಸಗಿ ಕ್ಯಾಥ್‌ಲ್ಯಾಬ್‌ಗಳೂ ಜಿಲ್ಲೆಗಳಿಗೆ ಬಂದಿವೆ. ನನ್ನ ದೃಷ್ಟಿಯಲ್ಲಿ ಇಂಥ ಸಾಧಾರಣ ಯಂತ್ರ ಹತ್ತಿರ ಬಂದದ್ದೇ ದೊಡ್ಡ ಸುಧಾರಣೆ. ಪಾರ್ಶ್ವವಾಯುವಿಗೂ ಅಷ್ಟೇ. ಮಿದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಇನ್ನೂರು ಕಿಲೋಮೀಟರ್ ದೂರದಲ್ಲಿ ಎಷ್ಟೇ ಸ್ಪಷ್ಟ ಚಿತ್ರ ಸಿಕ್ಕಿದರೂ ಸತ್ತ ಕೋಶ ಮರಳುವುದಿಲ್ಲ.

ಸಂಶಯಾತ್ಮ
ಈ ಮಾತಿಗೆ ನನ್ನ ತಕರಾರಿಲ್ಲ. ಆದರೆ ಸೀಸದಂಗಿ ಅವರೇ, ಸೀಸದ ಏಪ್ರನ್ ಹಾಕಿಕೊಂಡ ಮೇಲೆ ಸಿಬ್ಬಂದಿಗೆ ಭಯ ಯಾಕೆ?

ಸೀಸದಂಗಿ
ಏಪ್ರನ್ ಕಣ್ಣು, ಕೈ, ತಲೆಯನ್ನು ಮುಚ್ಚುವುದಿಲ್ಲ. ವಿಕಿರಣ ಸುರಕ್ಷತೆಯ ಅಂತರರಾಷ್ಟ್ರೀಯ ಆಯೋಗ 2011ರಲ್ಲಿ ಕಣ್ಣಿನ ಮಸೂರದ ಮಿತಿಯನ್ನು ವರ್ಷಕ್ಕೆ 150 ಮಿಲಿಸೀವರ್ಟ್‌ನಿಂದ ಸರಾಸರಿ 20ಕ್ಕೆ ಇಳಿಸಿತು. ಮೊದಲು ತಿಳಿದಿದ್ದಕ್ಕಿಂತ ಕಡಿಮೆ ಪ್ರಮಾಣದಲ್ಲೇ ಪೊರೆ ಬರುತ್ತದೆ ಎಂಬ ಕಾರಣಕ್ಕೆ. ನಮಗೆ ತಗುಲುವುದು ಹೆಚ್ಚಾಗಿ ರೋಗಿಯ ದೇಹದಿಂದ ಚದುರಿದ ಕಿರಣ. ಡಿಟೆಕ್ಟರನ್ನು ರೋಗಿಯ ಎಡಕ್ಕೆ ವಾಲಿಸಿದಾಗ ಟ್ಯೂಬ್ ವೈದ್ಯರು ನಿಂತ ಕಡೆಗೇ ಬರುತ್ತದೆ, ಆಗ ಹೆಚ್ಚು. ಚಾವಣಿಯಿಂದ ತೂಗುವ ಸೀಸದ ಗಾಜನ್ನು ನಡುವೆ ಎಳೆದುಕೊಂಡರೆ ಬಹಳ ವ್ಯತ್ಯಾಸವಾಗುತ್ತದೆ. ನಮ್ಮಲ್ಲಿ ಅದನ್ನು ಗೋಡೆಗೆ ಸರಿಸಿಟ್ಟಿದ್ದಾರೆ, ಕೈಗೆ ಅಡ್ಡ ಬರುತ್ತದೆಯಂತೆ.

ಮಿಲಿಸೀವರ್ಟ್
ತಗುಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಎಲ್ಲಿ ಧರಿಸುತ್ತೀರಿ? ಏಪ್ರನ್ ಒಳಗೆ, ಎದೆಯ ಮಟ್ಟದಲ್ಲಿರಬೇಕು. ಲೆಕ್ಕ ಏರುತ್ತದೆ ಎಂದು ಹೆದರಿ ಡ್ರಾಯರಿನಲ್ಲಿಟ್ಟು ಕೆಲಸಕ್ಕೆ ಹೋಗುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹೊಸ ಯಂತ್ರದ ಪ್ರದರ್ಶನಕ್ಕೆ ಬಂದವರ ಮುಂದೆ ದಪ್ಪ ದೇಹಕ್ಕೆ ಸಮನಾದ ಫ್ಯಾಂಟಮ್ (ರೋಗಿಯ ಬದಲಿಗೆ ಇಡುವ ಅಣಕು ದೇಹ) ಇಟ್ಟು, 7.5 ಮತ್ತು 15ರಲ್ಲಿ ಪ್ರಮಾಣ ಎಷ್ಟು ಎಂದು ನಿಮ್ಮ ಎದುರೇ ಅಳೆಯಲು ಹೇಳಿ. ಬೇಕಾದರೆ ನಾನೇ ಬರುತ್ತೇನೆ.

ಸೀಸದಂಗಿ
ಖಂಡಿತ ಬನ್ನಿ. ಖಾಸಗಿ ಸಂದೇಶ ಕಳಿಸುತ್ತೇನೆ.

ಮೂಳೆಮಾತು
ಕೃಷ್ಣಾತೀರ ಅವರೇ, ಆ ಕನ್ನಡ ಸೂಚನೆಯ ಸಾಲುಗಳನ್ನು ಇಲ್ಲಿ ಹಾಕಬಹುದೇ? ನಮ್ಮ ಸಿಟಿ ಕೋಣೆಗೂ ಬೇಕು.

ಕೃಷ್ಣಾತೀರ
'ಅಲ್ಲಾಡದೆ ಮಲಗಿ. ಸಾಧಾರಣವಾಗಿ ಉಸಿರು ಎಳೆದುಕೊಳ್ಳಿ. ಹಾಗೆಯೇ ಹಿಡಿದುಕೊಳ್ಳಿ.' ಸ್ಕ್ಯಾನ್ ಮುಗಿದ ಮೇಲೆ 'ಈಗ ಉಸಿರಾಡಿ.' ಬಯಾಪ್ಸಿಗೆ ಜೋರಾಗಿ ಎಳೆದುಕೊಳ್ಳಿ ಎನ್ನಬೇಡಿ, ಪ್ರತಿ ಸಲವೂ ಅಷ್ಟೇ ಎಳೆಯಲು ಯಾರಿಗೂ ಆಗುವುದಿಲ್ಲ. ಹಿಡಿದುಕೊಳ್ಳಿ ಎಂದ ಮೇಲೆ ಸ್ಕ್ಯಾನ್ ಶುರುವಾಗಲು ಎರಡು ಸೆಕೆಂಡು ಬಿಡಿ, ವಯಸ್ಸಾದವರಿಗೆ ಅಷ್ಟು ಹೊತ್ತು ಬೇಕು.

ಹೇಮಾವತಿ ದಂಡೆ
ಕಿವಿ ಕೇಳದವರಿಗೆ?

ಕೃಷ್ಣಾತೀರ
ಅಂಥವರಿಗೆ ಮೊದಲೇ ಕೈಸನ್ನೆ ಹೇಳಿಕೊಟ್ಟು, ಸೀಸದ ಏಪ್ರನ್ ಹಾಕಿದ ಸಂಬಂಧಿಕರೊಬ್ಬರನ್ನು ಕಾಲಿನ ಕಡೆ ನಿಲ್ಲಿಸುತ್ತೇವೆ. ಗರ್ಭಿಣಿಯರನ್ನು ಮಾತ್ರ ಒಳಗೆ ಬಿಡುವುದಿಲ್ಲ.

ಸಂಶಯಾತ್ಮ
ಬಳ್ಳಾರಿ, ರಾಯಚೂರು ಕಡೆಗೆ ತೆಲುಗು, ಉರ್ದುವಿನಲ್ಲೂ ಬೇಕಾಗುತ್ತದೆ. ಉರ್ದು ಸಾಲುಗಳನ್ನು ನಾನು ಬರೆದು ಕಳಿಸುತ್ತೇನೆ, ತೆಲುಗು ಬಲ್ಲವರು ಯಾರಾದರೂ ಮುಂದೆ ಬನ್ನಿ.